72 ಎಲ್‌ಇಡಿಯ ಹೃದಯ: ಯಾರೂ ಓಡಿಸದ ರನ್ನಿಂಗ್ ಲೈಟ್

ಅಕ್ಕ ಮಂಡ್ಯದಲ್ಲಿ ಹೈಸ್ಕೂಲ್ ಸೈನ್ಸ್ ಟೀಚರ್. ಅವಳ ಲ್ಯಾಬಿನಲ್ಲಿ ಬಣ್ಣ ಮಾಸಿದ ಒಂದು ಪ್ಲಾಸ್ಟಿಕ್ ಹೃದಯ ಇದೆ. ಕವಾಟ ಇದೆ, ರಕ್ತನಾಳ ಇದೆ, ಕರೆಂಟಿನ ಸುದ್ದಿಯೇ ಇಲ್ಲ. "ಹೃದಯ ತಾನಾಗೇ ಹೆಂಗೆ ಬಡ್ಕೊಳ್ಳುತ್ತೆ ಮಿಸ್ ಅಂತ ಪ್ರತಿ ವರ್ಷ ಕೇಳ್ತಾರೆ ಕಣೋ. ದಸರಾ ಲೈಟಿಂಗ್ ಥರ ಓಡೋ ಹಾಗೆ ಏನಾದ್ರೂ ಮಾಡಿಕೊಡು" ಅಂದಳು.

ದಸರಾ ಲೈಟಿಂಗ್ ಥರ ಮಾಡುವುದು ಸುಲಭ. ಆದರೆ ನಾನು ಅದನ್ನು ಬೇಕೆಂದೇ ಮಾಡಲಿಲ್ಲ. ಕಾರಣ ಹೇಳುತ್ತೇನೆ. ಸಯ್ಯಾಜಿರಾವ್ ರಸ್ತೆಯಲ್ಲಿ ಬಲ್ಬಿನ ನವಿಲು ಗರಿ ಬಿಚ್ಚುತ್ತದಲ್ಲ, ಅದರ ಹಿಂದೆ ಒಂದು ಕಂಟ್ರೋಲರ್ ಪೆಟ್ಟಿಗೆ ಇರುತ್ತದೆ. ಯಾವ ಬಲ್ಬು ಯಾವಾಗ ಹೊತ್ತಬೇಕು ಅನ್ನುವುದು ಆ ಪೆಟ್ಟಿಗೆಗೆ ಗೊತ್ತು. ಬಲ್ಬಿಗೆ ಏನೂ ಗೊತ್ತಿಲ್ಲ. ಹೃದಯದಲ್ಲಿ ಉಲ್ಟಾ. ಅಲ್ಲಿ ಪೆಟ್ಟಿಗೆಯೇ ಇಲ್ಲ. ಒಂದೊಂದು ಜೀವಕೋಶವೂ ಪಕ್ಕದ ಕೋಶವನ್ನು ಎಬ್ಬಿಸುತ್ತದೆ. ಅಷ್ಟೇ. ಇಡೀ ಬಡಿತ ಅದರಿಂದಲೇ ಹುಟ್ಟುತ್ತದೆ. ನಾನು ಮಾಡುವ ಎಲ್‌ಇಡಿ ಬೋರ್ಡು ಅದನ್ನು ತೋರಿಸದೆ ಬರೀ ಸಾಲಾಗಿ ದೀಪ ಓಡಿಸಿದರೆ, ನೋಡಲು ಚೆನ್ನಾಗಿರುತ್ತದೆ, ಕಲಿಸುವುದು ಮಾತ್ರ ಸುಳ್ಳು.

ಹಾಗಾಗಿ ಒಂದು ಷರತ್ತು ಹಾಕಿಕೊಂಡೆ. ಪ್ರೋಗ್ರಾಮಿನಲ್ಲಿ "ಮೊದಲು ಇದು, ಆಮೇಲೆ ಅದು" ಅನ್ನುವ ಸಾಲು ಎಲ್ಲೂ ಇರಬಾರದು. ಒಂದೊಂದು ಎಲ್‌ಇಡಿಗೂ ತನ್ನ ನೆರೆಯವರ ವಿಷಯ ಮಾತ್ರ ಗೊತ್ತಿರಬೇಕು.

ಸಾಮಾನು

ಎರಡು ಅಡಿ ಎತ್ತರದ ಸನ್‌ಬೋರ್ಡ್. ಹೃದಯವನ್ನು ಉದ್ದುದ್ದ ಸೀಳಿದ ಚಿತ್ರ, ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು. ಒಂದೊಂದನ್ನೂ ಬೇರೆ ಬೇರೆ ಬಣ್ಣದಲ್ಲಿ ಹೊತ್ತಿಸಬಹುದಾದ ಡಬ್ಲ್ಯುಎಸ್2812ಬಿ ಸ್ಟ್ರಿಪ್‌ನಿಂದ ಕತ್ತರಿಸಿ ತೆಗೆದ 72 ಎಲ್‌ಇಡಿ. ಒಂದು ಆರ್ಡುಯಿನೊ ನ್ಯಾನೋ, ಅಂದರೆ ಪ್ರೋಗ್ರಾಮ್ ಬರೆದು ಹಾಕುವ ಪುಟ್ಟ ಸರ್ಕ್ಯೂಟ್. ಎರಡು ಪಾಟ್ (ತಿರುಗಿಸುವ ನಾಬ್), ಎರಡು ಟಾಗಲ್ ಸ್ವಿಚ್. 5 ವೋಲ್ಟ್ 2 ಆಂಪ್ ಅಡಾಪ್ಟರ್.

ಈ ಎಲ್‌ಇಡಿ ಪೂರ್ತಿ ಬಿಳಿ ಬೆಳಕಿನಲ್ಲಿ ಒಂದಕ್ಕೆ 60 ಮಿಲಿಆಂಪ್ ತಿನ್ನುತ್ತದೆ. 72ಕ್ಕೆ ನಾಲ್ಕು ಆಂಪ್ ದಾಟುತ್ತದೆ. ಬಿಳಿ ನನಗೆ ಬೇಕಿರಲಿಲ್ಲ. ಮೇಲಿನ ಹೃತ್ಕರ್ಣಗಳಿಗೆ ಹಸಿರು, ಕೆಳಗಿನ ಹೃತ್ಕುಕ್ಷಿಗಳಿಗೆ ಕೆಂಪು, ಸಂಕೇತ ಸಾಗುವ ದಾರಿಗೆ ಹಳದಿ. ಬೆಳಕನ್ನೂ ಕಾಲು ಭಾಗಕ್ಕೆ ಇಳಿಸಿದ ಮೇಲೆ 2 ಆಂಪ್ ಧಾರಾಳವಾಯಿತು. ಅಡಾಪ್ಟರ್ ತಂತಿಗೆ ಅಡ್ಡವಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಡೇಟಾ ವೈರಿಗೆ 470 ಓಮ್ ರೆಸಿಸ್ಟರ್. ಇವೆರಡನ್ನೂ ಬಿಡಬೇಡಿ. ಬಿಟ್ಟವರ ಮೊದಲ ಎಲ್‌ಇಡಿ ಸುಟ್ಟುಹೋಗುವ ಸಾಧ್ಯತೆ ಜಾಸ್ತಿ.

ಒಂದೊಂದೇ ಎಲ್‌ಇಡಿ ಕತ್ತರಿಸಿ ಮೂರು ಮೂರು ವೈರ್ ಬೆಸುಗೆ ಹಾಕುವುದು ತಾಳ್ಮೆ ಪರೀಕ್ಷಿಸುವ ಕೆಲಸ. ಇನ್ನೊಬ್ಬರು ಮಾಡುವುದಾದರೆ ಡೆಕೋರೇಷನ್‌ನವರು ಬಳಸುವ, ವೈರ್ ಸಮೇತ ಬರುವ ಪಿಕ್ಸೆಲ್ ಸರ ತೆಗೆದುಕೊಳ್ಳಿ. ಬೋರ್ಡಿಗೆ ತೂತು ಕೊರೆದು ಹಿಂದಿನಿಂದ ತುರುಕಿದರೆ ಮುಗಿಯಿತು.

ಹಂಚಿಕೆ ಹೀಗಿದೆ. ಬಡಿತ ಶುರುವಾಗುವ ಜಾಗ ಎಸ್‌ಎ ನೋಡ್, ಅದಕ್ಕೆ 2. ಎರಡು ಹೃತ್ಕರ್ಣಗಳಿಗೆ 18. ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಠಾಣೆಯಾದ ಎವಿ ನೋಡಿಗೆ 4. ಅಲ್ಲಿಂದ ಕೆಳಗೆ ಇಳಿಯುವ ಎಳೆಯಾದ ಹಿಸ್ ಬಂಡಲ್‌ಗೆ 2. ಅದರ ಕವಲುಗಳಿಗೂ, ಸಂಕೇತವನ್ನು ಹೃತ್ಕುಕ್ಷಿಯ ಸ್ನಾಯುವಿಗೆ ಹಂಚುವ ಪರ್ಕಿಂಜೆ ನಾರುಗಳಿಗೂ ಸೇರಿ 12. ಹೃತ್ಕುಕ್ಷಿಗಳ ಗೋಡೆಗೆ ಒಳಸಾಲು, ಹೊರಸಾಲು ಸೇರಿ 34.

ನ್ಯಾನೋ ಕೂತಿರುವುದು ಬೋರ್ಡಿನ ಕೆಳಗೆ, ಹೃದಯದ ಚೂಪು ತುದಿಯ ಹತ್ತಿರ. ಡೇಟಾ ವೈರ್ ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಅಂದರೆ ಎಲ್‌ಇಡಿ ನಂಬರ್ 0 ಪರ್ಕಿಂಜೆ ನಾರಿನ ತುದಿಯಲ್ಲಿದೆ, ಎಸ್‌ಎ ನೋಡ್ 70 ಮತ್ತು 71. ವೈರಿನ ಕ್ರಮಕ್ಕೂ ಸಂಕೇತದ ಕ್ರಮಕ್ಕೂ ಸಂಬಂಧವೇ ಇಲ್ಲ, ಇರಲೂಬಾರದು.

ತಮಾಷೆ ಅಂದರೆ, ವಿಜ್ಞಾನಿಗಳೂ ಈ ದಾರಿಯನ್ನು ಕೆಳಗಿನಿಂದ ಮೇಲಕ್ಕೇ ಕಂಡುಹಿಡಿದಿದ್ದು. 1839ರಲ್ಲಿ ಪರ್ಕಿಂಜೆ ಕುರಿಯ ಹೃದಯದಲ್ಲಿ ವಿಚಿತ್ರವಾದ ನಾರುಗಳನ್ನು ನೋಡಿದರು. ಅವು ಯಾಕಿವೆ ಅಂತ ಆಗ ಅವರಿಗೆ ತಿಳಿಯಲಿಲ್ಲ. 1893ರಲ್ಲಿ ವಿಲ್ಹೆಲ್ಮ್ ಹಿಸ್ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಎಳೆಯನ್ನು ವಿವರಿಸಿದರು. 1906ರಲ್ಲಿ, ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರ ಆ ಎಳೆಯನ್ನು ಹಿಡಿದು ಮೇಲೆ ಹೋಗಿ ಎವಿ ನೋಡ್ ತಲುಪಿದರು. ಕೆಳಗೆ ಹೋಗಿ ಅದು ಪರ್ಕಿಂಜೆ ನಾರುಗಳಿಗೇ ಸೇರುತ್ತದೆ ಅಂತಲೂ ತೋರಿಸಿದರು. ಮರು ವರ್ಷ, 1907ರಲ್ಲಿ, ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಸ್‌ಎ ನೋಡ್ ಬಗ್ಗೆ ಬರೆದರು. ಬಡಿತ ಶುರುವಾಗುವ ಜಾಗ ಕೊನೆಗೆ ಸಿಕ್ಕಿತು.

ಮೂರು ನಿಯಮ

ನ್ಯಾನೋ ಒಳಗೆ ಒಂದೊಂದು ಎಲ್‌ಇಡಿಗೂ ಒಂದು ಪುಟ್ಟ ದಾಖಲೆ ಇದೆ. ನಿನ್ನ ನೆರೆಯವರು ಯಾರು, ಅವರಿಂದ ನಿನಗೆ ಸುದ್ದಿ ಬರಲು ಎಷ್ಟು ಸಮಯ, ಒಮ್ಮೆ ಹೊತ್ತಿದರೆ ಎಷ್ಟು ಹೊತ್ತು ಉರಿಯಬೇಕು, ತಾನಾಗೇ ಹೊತ್ತುವ ಗುಣ ನಿನಗಿದೆಯಾ, ಇದ್ದರೆ ಎಷ್ಟು ಹೊತ್ತಿಗೊಮ್ಮೆ. ಇಷ್ಟೇ.

ಮೊದಲ ನಿಯಮ: ನೀನು ಸುಮ್ಮನಿದ್ದು, ನೆರೆಯವನು ಹೊತ್ತಿದರೆ, ಸುದ್ದಿ ಬರುವ ಸಮಯ ಆದ ಮೇಲೆ ನೀನೂ ಹೊತ್ತು. ನಿಜವಾದ ಹೃದಯದಲ್ಲಿ ಇದು ಹೀಗೆ ನಡೆಯುತ್ತದೆ. ಸುಮ್ಮನಿರುವ ಹೃತ್ಕುಕ್ಷಿಯ ಕೋಶದ ಒಳಗೆ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಪಕ್ಕದ ಕೋಶದ ಜೊತೆ ಸಣ್ಣ ಸಣ್ಣ ಕಿಂಡಿಗಳಿವೆ, ಗ್ಯಾಪ್ ಜಂಕ್ಷನ್ ಅನ್ನುತ್ತಾರೆ. ಪಕ್ಕದವನು ಎದ್ದಾಗ ಅಲ್ಲಿಂದ ಒಂದಿಷ್ಟು ಧನ ಅಯಾನುಗಳು ಈಚೆಗೆ ನುಗ್ಗುತ್ತವೆ. ವೋಲ್ಟೇಜು ಒಂದು ಗಡಿ ದಾಟಿದ ಕೂಡಲೇ ಸೋಡಿಯಂ ಬಾಗಿಲುಗಳು ಪಟಪಟ ತೆರೆಯುತ್ತವೆ. ಒಳಗಿನ ವೋಲ್ಟೇಜು ಸೊನ್ನೆ ದಾಟಿ ಮೇಲಕ್ಕೆ ಹಾರುತ್ತದೆ. ಈಗ ಇವನು ಮುಂದಿನವನನ್ನು ಎಬ್ಬಿಸುತ್ತಾನೆ.

ಎರಡನೇ ನಿಯಮ: ಉರಿಯುತ್ತಿರುವಾಗ ಯಾರು ಕರೆದರೂ ಕೇಳಿಸಬಾರದು. ಸಂಕೇತ ಬಂದ ದಾರಿಯಲ್ಲೇ ವಾಪಸ್ ಹೋಗದಂತೆ ತಡೆಯುವುದು ಇದೇ. ಪ್ರೋಗ್ರಾಮಿನಲ್ಲಿ "ಮುಂದಕ್ಕೆ ಮಾತ್ರ ಹೋಗು" ಅಂತ ನಾನು ಬರೆದಿಲ್ಲ. ಹಿಂದಿನವರೆಲ್ಲ ಇನ್ನೂ ಉರಿಯುತ್ತಿರುವುದರಿಂದ ಅದು ತಾನಾಗೇ ಮುಂದಕ್ಕೆ ಹೋಗುತ್ತದೆ.

ಮೂರನೇ ನಿಯಮ: ತಾನಾಗೇ ಹೊತ್ತುವ ಗುಣ ಇದ್ದರೆ, ನಿನ್ನ ಅವಧಿ ಮುಗಿಯುವ ತನಕ ಯಾರೂ ಎಬ್ಬಿಸದೇ ಇದ್ದಾಗ ನೀನೇ ಏಳು. ಯಾರಾದರೂ ಎಬ್ಬಿಸಿದರೆ ನಿನ್ನ ಲೆಕ್ಕ ಮತ್ತೆ ಸೊನ್ನೆಯಿಂದ.

ಮೊದಲ ನಿಯಮದಲ್ಲಿ ಒಂದು ಸೂಕ್ಷ್ಮ ಇದೆ. "ನೆರೆಯವನು ಉರಿಯುತ್ತಿದ್ದರೆ" ಅಂತ ಬರೆದರೆ ಬೋರ್ಡು ಆರುವುದೇ ಇಲ್ಲ. ಬೇಗ ಆರಿದವನನ್ನು ಇನ್ನೂ ಉರಿಯುತ್ತಿರುವವನು ಮತ್ತೆ ಹೊತ್ತಿಸುತ್ತಾನೆ, ಅವನು ಇವನನ್ನು, ಹೀಗೇ ಸುತ್ತುತ್ತಲೇ ಇರುತ್ತದೆ. "ನೆರೆಯವನು ಹೊತ್ತಿಕೊಂಡ ಕ್ಷಣ" ಅಂತ ಬರೆಯಬೇಕು. ಒಂದು ಕೋಶ ಒಂದು ಸಲ ಎದ್ದರೆ ನೆರೆಯವರಿಗೆ ಒಂದೇ ಸಲ ಸುದ್ದಿ.

ವೇಗ ತುಂಬಿದ್ದು

ತಾಮ್ರದ ತಂತಿಯಲ್ಲಿ ಸಂಕೇತ ಬೆಳಕಿನ ವೇಗದ ಲೆಕ್ಕದಲ್ಲಿ ಓಡುತ್ತದೆ. ಹೃದಯದಲ್ಲಿ ಅಷ್ಟು ಆತುರ ಯಾರಿಗೂ ಇಲ್ಲ. ಹೃತ್ಕರ್ಣದ ಸ್ನಾಯುವಿನಲ್ಲಿ ಸೆಕೆಂಡಿಗೆ ಅರ್ಧದಿಂದ ಒಂದು ಮೀಟರ್. ಪರ್ಕಿಂಜೆ ನಾರಿನಲ್ಲಿ 2ರಿಂದ 4 ಮೀಟರ್. ಎವಿ ನೋಡಿನಲ್ಲಿ ಬರೀ 5 ಸೆಂಟಿಮೀಟರ್. ಸೆಕೆಂಡಿಗೆ ಐದು ಸೆಂಟಿಮೀಟರ್!

ಸಮಯದ ಲೆಕ್ಕದಲ್ಲಿ ಹೇಳಿದರೆ, ಎಸ್‌ಎ ನೋಡಿನಿಂದ ಎವಿ ನೋಡಿಗೆ ಬರಲು ಸುಮಾರು 30 ಮಿಲಿಸೆಕೆಂಡ್. ಎವಿ ನೋಡಿನ ಒಳಗೆ 90. ಅಲ್ಲಿಂದ ತೂರಿಕೊಂಡು ಕೆಳಗೆ ಇಳಿಯಲು ಇನ್ನೊಂದು 40. ಒಟ್ಟು 160. ಆಮೇಲೆ ಕವಲು, ಪರ್ಕಿಂಜೆ ನಾರು ಎಲ್ಲ ಸೇರಿ 30. ಹೃತ್ಕುಕ್ಷಿಯ ಒಳಗೋಡೆಯಿಂದ ಹೊರಗೋಡೆಗೆ ಇನ್ನೊಂದು 30. ನಾನು ಎವಿ ನೋಡಿನ ನಾಲ್ಕು ಎಲ್‌ಇಡಿಗಳ ನಡುವೆ 30 ಮಿಲಿಸೆಕೆಂಡಿನ ಮೂರು ಕೊಂಡಿ ಹಾಕಿದೆ, ಕೆಳಗಿನ ಕೊಂಡಿಗೆ 40.

ಇದನ್ನು ನಿಜವಾದ ವೇಗದಲ್ಲಿ ಓಡಿಸಿದರೆ ಕಣ್ಣಿಗೆ ಏನೂ ಸಿಕ್ಕುವುದಿಲ್ಲ, ಸುಮ್ನೆ ಒಂದು ಮಿಂಚು. ಅದಕ್ಕೇ ಮೊದಲ ಪಾಟ್. ಅದನ್ನು ತಿರುಗಿಸಿದರೆ ಕಾಲ 1ರಿಂದ 20 ಪಟ್ಟು ನಿಧಾನ ಆಗುತ್ತದೆ. ಹತ್ತು ಪಟ್ಟಿಗೆ ಇಟ್ಟರೆ ಚೆನ್ನ. ನಿಮಿಷಕ್ಕೆ 75 ಬಡಿತದ ಹೃದಯದಲ್ಲಿ ಒಂದು ಬಡಿತ 800 ಮಿಲಿಸೆಕೆಂಡ್. ಬೋರ್ಡಿನ ಮೇಲೆ ಅದು ಎಂಟು ಸೆಕೆಂಡ್.

ಹತ್ತು ಪಟ್ಟಿನಲ್ಲಿ ನೋಡಿದಾಗಲೇ ನನಗೆ ಎವಿ ನೋಡಿನ ಮಹತ್ವ ಕಣ್ಣಿಗೆ ಬಿದ್ದಿದ್ದು. ಎಸ್‌ಎ ನೋಡಿನಿಂದ ಹಸಿರು ಹರಡುತ್ತದೆ. ಬಲ ಹೃತ್ಕರ್ಣ ತುಂಬುತ್ತದೆ, ಎಡದ್ದು ಇನ್ನೂ ತುಂಬುತ್ತಿರುತ್ತದೆ. ಅಷ್ಟರಲ್ಲಿ ಎವಿ ನೋಡಿನ ಬಾಗಿಲಿಗೆ ಸುದ್ದಿ ಬಂದಾಗಿದೆ. ಆದರೆ ಅಲ್ಲಿ ಹಳದಿ ಒಂದೊಂದೇ ಎಲ್‌ಇಡಿ ದಾಟುತ್ತಾ ತಡಮಾಡುತ್ತದೆ. ಹಸಿರು ಪೂರ್ತಿ ತುಂಬಿ, ಸ್ವಲ್ಪ ಹೊತ್ತು ಏನೂ ಹೊಸದು ನಡೆಯುತ್ತಿಲ್ಲ ಅನಿಸುತ್ತದೆ. ಆಮೇಲೆ ಒಮ್ಮೆಗೇ ಕವಲುಗಳೆಲ್ಲ ಹೊತ್ತಿ ಕೆಳಗೆಲ್ಲ ಕೆಂಪು.

ಆ ತಡ ಬೇಕೇಬೇಕು. ಮೇಲಿನ ಕೋಣೆಗಳು ಹಿಂಡಿ ಕೆಳಗಿನವನ್ನು ತುಂಬಿಸಲು ಸಮಯ ಬೇಕಲ್ವಾ? ಸುಮ್ಮನಿದ್ದಾಗ ಹೃತ್ಕುಕ್ಷಿಗೆ ಸೇರುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಆ ಕೊನೆಯ ಹಿಂಡಿನಿಂದ ಬರುತ್ತದೆ. ತಡಕ್ಕೆ ಕಾರಣವೂ ಸರಳ. ಎವಿ ನೋಡಿನ ಕೋಶಗಳು ಸಣ್ಣವು, ಅವುಗಳ ನಡುವೆ ಕಿಂಡಿ ಕಡಿಮೆ, ಮೇಲಾಗಿ ಅವು ಏಳುವುದು ವೇಗದ ಸೋಡಿಯಂನಿಂದ ಅಲ್ಲ, ನಿಧಾನದ ಕ್ಯಾಲ್ಸಿಯಂನಿಂದ. ಪರ್ಕಿಂಜೆ ಕೋಶಗಳು ದಪ್ಪ, ಕಿಂಡಿ ಧಾರಾಳ. ಅದಕ್ಕೆ ಅಲ್ಲಿ ಸುದ್ದಿ ಓಡುತ್ತದೆ. ಅದು ಹಾಗೆ ಓಡುವುದರಿಂದಲೇ ಎರಡೂ ಹೃತ್ಕುಕ್ಷಿಗಳ ಸ್ನಾಯು ಹೆಚ್ಚುಕಡಿಮೆ ಒಟ್ಟಿಗೇ ಹಿಂಡುತ್ತದೆ.

ಇನ್ನೊಂದು ವಿಷಯ. ಬೋರ್ಡಿನ ಮೇಲೆ ಎಡ ಹೃತ್ಕರ್ಣದ ಕೆಳಗಿನ ಎಲ್‌ಇಡಿಗೂ ಎಡ ಹೃತ್ಕುಕ್ಷಿಯ ಮೇಲಿನ ಎಲ್‌ಇಡಿಗೂ ಒಂದಿಂಚು ಅಂತರ. ಆದರೂ ಅವರಿಬ್ಬರು ನೆರೆಯವರಲ್ಲ. ನಡುವೆ ನಾರಿನ ಅಂಗಾಂಶದ ತಡೆ ಇದೆ, ಅದರಲ್ಲಿ ಸಂಕೇತ ಹಾಯುವುದಿಲ್ಲ. ದಾಟಲು ಇರುವ ದಾರಿ ಹಿಸ್ ಬಂಡಲ್ ಒಂದೇ. ಆ ಗಡಿಯನ್ನು ಕಪ್ಪು ಇನ್ಸುಲೇಷನ್ ಟೇಪಿನಿಂದ ತೋರಿಸಿದ್ದೇನೆ. ಕುತೂಹಲಕ್ಕೆ ಅಲ್ಲಿ ಒಂದು ಕಳ್ಳ ಕೊಂಡಿ ಹಾಕಿ ನೋಡಿದೆ. ಹಳದಿ ಇನ್ನೂ ಎವಿ ನೋಡಿನಲ್ಲಿ ತೆವಳುತ್ತಿರುವಾಗಲೇ ಎಡಬದಿಯ ಗೋಡೆ ಕೆಂಪಾಗತೊಡಗಿತು. ಕೆಲವರು ಹುಟ್ಟುವಾಗಲೇ ಇಂಥ ಕೊಂಡಿ ಹೊತ್ತು ಬಂದಿರುತ್ತಾರೆ. ವುಲ್ಫ್, ಪಾರ್ಕಿನ್ಸನ್, ವೈಟ್ ಅನ್ನುವ ಮೂವರು ವೈದ್ಯರು 1930ರಲ್ಲಿ ಅದರ ಇಸಿಜಿ ಹೇಗಿರುತ್ತದೆ ಅಂತ ವಿವರಿಸಿದ್ದರು. ಪಾಠಕ್ಕೆ ಬೇಕಿರುವುದು ಆರೋಗ್ಯವಂತ ಹೃದಯ. ಕೊಂಡಿ ತೆಗೆದುಹಾಕಿದೆ.

ಯಾವತ್ತೂ ಪೂರ್ತಿ ಆರದ ಎರಡು ದೀಪ

ಎಸ್‌ಎ ನೋಡಿನ ಎಲ್‌ಇಡಿಗಳನ್ನು ಉಳಿದವುಗಳ ಹಾಗೆ ಆರಿಸಿ ಹೊತ್ತಿಸಿದರೆ ಮುಖ್ಯ ವಿಷಯವೇ ತಪ್ಪಿಹೋಗುತ್ತದೆ. ಆ ಕೋಶಗಳಿಗೆ ಸುಮ್ಮನಿರುವ ಸ್ಥಿತಿ ಅನ್ನುವುದೇ ಇಲ್ಲ. ಒಂದು ಬಡಿತ ಮುಗಿದು ವೋಲ್ಟೇಜು ಮೈನಸ್ 60ರ ಹತ್ತಿರ ಇಳಿಯುತ್ತದೆ. ಇಳಿದ ಕೂಡಲೇ ಮತ್ತೆ ಹತ್ತಲು ಶುರು. ಮೈನಸ್ 40ರ ಹತ್ತಿರ ಬಂದಾಗ ಕ್ಯಾಲ್ಸಿಯಂ ಬಾಗಿಲು ತೆರೆದು ಕೋಶ ಹೊತ್ತಿಕೊಳ್ಳುತ್ತದೆ. ಮತ್ತೆ ಇಳಿತ, ಮತ್ತೆ ಹತ್ತುವಿಕೆ.

ಈ ಹತ್ತುವಿಕೆಯ ಹಿಂದೆ ಇರುವ ಒಂದು ಪ್ರವಾಹಕ್ಕೆ ವಿಜ್ಞಾನಿಗಳು ಫನ್ನಿ ಕರೆಂಟ್ ಅಂತಲೇ ಹೆಸರಿಟ್ಟಿದ್ದಾರೆ. ಬೇರೆ ಬಾಗಿಲುಗಳು ವೋಲ್ಟೇಜು ಏರಿದಾಗ ತೆರೆಯುತ್ತವೆ. ಇದು ಇಳಿದಾಗ ತೆರೆಯುತ್ತದೆ, ಸೋಡಿಯಂ ಒಳಗೆ ಸೋರುತ್ತದೆ. 1979ರಲ್ಲಿ ಬ್ರೌನ್, ಡಿಫ್ರಾನ್ಸೆಸ್ಕೊ ಮತ್ತು ನೋಬಲ್ ಇದನ್ನು ವರದಿ ಮಾಡಿದರು. ಇದನ್ನೇ ತಡೆದು ಬಡಿತ ಇಳಿಸುವ ಐವಬ್ರಡಿನ್ ಅನ್ನುವ ಮಾತ್ರೆ ಈಗ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ವೈದ್ಯರು ಬರೆದುಕೊಟ್ಟರೆ.

ಬೋರ್ಡಿನ ಮೇಲೆ 70 ಮತ್ತು 71ನೇ ಎಲ್‌ಇಡಿಗಳು ಮಂದ ನೀಲಿಯಿಂದ ಶುರುವಾಗಿ ನಿಧಾನವಾಗಿ ಬೆಳಗುತ್ತಾ ಬರುತ್ತವೆ, ಆಮೇಲೆ ಪಕ್ಕನೆ ಹಳದಿ. ಇದಕ್ಕಾಗಿ ಸ್ಟ್ರಿಪ್‌ಗೆ ಪದೇ ಪದೇ ಬರೆಯಬೇಕು. ಒಂದೊಂದು ಎಲ್‌ಇಡಿಗೆ 30 ಮೈಕ್ರೋಸೆಕೆಂಡ್, 72ಕ್ಕೆ ಎರಡು ಮಿಲಿಸೆಕೆಂಡಿಗೂ ಜಾಸ್ತಿ. ಅಷ್ಟು ಹೊತ್ತು ನ್ಯಾನೋ ಇಂಟರಪ್ಟ್‌ಗಳನ್ನು (ನಡುವೆ ಬರುವ ಕರೆಗಳನ್ನು) ಮುಚ್ಚಿಡುತ್ತದೆ, ಅದರ ಗಡಿಯಾರ ಹಿಂದೆ ಬೀಳುತ್ತದೆ. ಫಾಸ್ಟ್‌ಎಲ್‌ಇಡಿ ಲೈಬ್ರರಿ ಈ ಕೊರತೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಬೇರೆ ಲೈಬ್ರರಿ ಬಳಸಿದರೆ ಗಮನ ಇರಲಿ.

ತಾನಾಗೇ ಏಳುವ ಗುಣ ಎಸ್‌ಎ ನೋಡಿಗೆ ಮಾತ್ರ ಅಲ್ಲ. ಎವಿ ನೋಡಿನ ಸುತ್ತಮುತ್ತ ನಿಮಿಷಕ್ಕೆ 40ರಿಂದ 60, ಪರ್ಕಿಂಜೆ ನಾರಿಗೆ 20ರಿಂದ 40. ಎಸ್‌ಎ ನೋಡಿಗೆ 60ರಿಂದ 100. ನಾನು ಕ್ರಮವಾಗಿ ಎವಿಗೆ 50, ಹಿಸ್‌ಗೆ 40, ಪರ್ಕಿಂಜೆಗೆ 30 ಅಂತ ಇಟ್ಟೆ. ಇವರು ಯಾರೂ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅವರ ಅವಧಿ ಮುಗಿಯುವ ಮೊದಲೇ ಮೇಲಿನಿಂದ ಸುದ್ದಿ ಬಂದು ಲೆಕ್ಕ ಸೊನ್ನೆಯಾಗುತ್ತದೆ. ಎಸ್‌ಎ ನೋಡಿಗೆ ಯಾರೂ ಯಜಮಾನಿಕೆ ಕೊಟ್ಟಿಲ್ಲ, ಬೇಗ ಏಳುವವರದ್ದೇ ನಡೆಯುತ್ತದೆ.

ಒಂದು ಟಾಗಲ್ ಸ್ವಿಚ್ ಇರುವುದು ಎಸ್‌ಎ ನೋಡನ್ನು ಸುಮ್ಮನಾಗಿಸಲು. ಅದನ್ನು ಹಾಕಿದೆ. ಬೋರ್ಡು ಕತ್ತಲಾಯಿತು. ಸ್ವಲ್ಪ ಹೊತ್ತಿಗೆ ಎವಿ ನೋಡ್ ತಾನೇ ಎದ್ದಿತು, ನಿಮಿಷಕ್ಕೆ 50ರ ಲೆಕ್ಕದಲ್ಲಿ. ಇಷ್ಟನ್ನು ನಿರೀಕ್ಷಿಸಿದ್ದೆ. ಆದರೆ ಅದರ ಜೊತೆಗೇ ಹಸಿರು ಕೆಳಗಿನಿಂದ ಮೇಲಕ್ಕೆ ಹರಡಿತು! ಎವಿ ನೋಡಿನಿಂದ ಸಂಕೇತ ಎರಡೂ ಕಡೆ ಹೋಗಿತ್ತು, ಹೃತ್ಕರ್ಣ ತಲೆಕೆಳಗಾಗಿ ಹೊತ್ತಿತ್ತು. ಆಸ್ಪತ್ರೆಯ ಇಸಿಜಿಗಳಲ್ಲೂ ಇಂಥ ಲಯದಲ್ಲಿ ಪಿ ಅಲೆ (ಹೃತ್ಕರ್ಣ ಹೊತ್ತುವಾಗ ಮೂಡುವ ಉಬ್ಬು) ತಲೆಕೆಳಗಾಗಿ ಕಾಣುವುದು ಇದಕ್ಕೇ. ನಾನು ಇದಕ್ಕೆ ಒಂದು ಸಾಲೂ ಬರೆದಿರಲಿಲ್ಲ. ಪಕ್ಕದವರನ್ನು ಎಬ್ಬಿಸು ಅಂತ ಮಾತ್ರ ಬರೆದಿದ್ದೆ. ಕಂಟ್ರೋಲರ್ ಥರ ಮಾಡಿದ್ದರೆ ಇದು ಎಲ್ಲಿ ಸಿಗುತ್ತಿತ್ತು?

ಎರಡನೇ ಸ್ವಿಚ್ ಎವಿ ನೋಡಿಗೂ ಹಿಸ್‌ಗೂ ನಡುವಿನ ಕೊಂಡಿ ಕತ್ತರಿಸುತ್ತದೆ. ಮೇಲೆ ಹಸಿರು 75ರಲ್ಲಿ, ಕೆಳಗೆ ಕೆಂಪು 40ರಲ್ಲಿ, ಒಬ್ಬರಿಗೊಬ್ಬರ ಸಂಬಂಧವೇ ಇಲ್ಲ. ಪೇಸ್‌ಮೇಕರ್ ಯಾರಿಗೆ ಯಾಕೆ ಹಾಕುತ್ತಾರೆ ಅನ್ನುವ ಪ್ರಶ್ನೆಗೆ ಅಕ್ಕ ಈಗ ಈ ಸ್ವಿಚ್ ಹಾಕಿ ತೋರಿಸುತ್ತಾಳೆ.

ಆರುವ ಕ್ರಮ

"ಲೇ, ಕೆಂಪು ಇಷ್ಟು ಹೊತ್ತು ಯಾಕೆ ಉರೀತಾ ಇದೆ? ಕರೆಂಟು ಹೋದ ಮೇಲೆ ಆರಬೇಕಲ್ವಾ?" ಅಕ್ಕನ ಪ್ರಶ್ನೆ. ಹೃದಯದ ಮೇಲೆ ಒಂದು ಕಿಡಿ ಸರ್ರನೆ ಓಡಿ ಮುಗಿಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ. ನರದ ಕೋಶ ಒಂದೆರಡು ಮಿಲಿಸೆಕೆಂಡಿನಲ್ಲಿ ಹೊತ್ತಿ ಆರುತ್ತದೆ. ಹೃತ್ಕುಕ್ಷಿಯ ಕೋಶ 250ರಿಂದ 300 ಮಿಲಿಸೆಕೆಂಡ್ ಹೊತ್ತಿಕೊಂಡೇ ಇರುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುತ್ತಿದ್ದರೂ ಕ್ಯಾಲ್ಸಿಯಂ ಒಳಗೆ ಬರುತ್ತಾ ವೋಲ್ಟೇಜನ್ನು ಎತ್ತಿ ಹಿಡಿದಿರುತ್ತದೆ. ಸ್ನಾಯು ಹಿಂಡಲು ಬೇಕಾದ ಸಂದೇಶವೂ ಆ ಕ್ಯಾಲ್ಸಿಯಂನದೇ. ಹಿಂಡುವುದು ಬಹುಪಾಲು ಮುಗಿಯುವ ತನಕ ಇನ್ನೊಂದು ಕರೆಗೆ ಕೋಶ ಓಗೊಡುವುದಿಲ್ಲ. ಹಾಗಾಗಿ ಕಾಲಿನ ಸ್ನಾಯು ಬಿಗಿಹಿಡಿದ ಹಾಗೆ ಹೃದಯ ಬಿಗಿಹಿಡಿದು ನಿಲ್ಲುವುದಿಲ್ಲ.

ಒಳಸಾಲಿನ ಎಲ್‌ಇಡಿಗಳಿಗೆ ಉರಿಯುವ ಅವಧಿ 300 ಕೊಟ್ಟೆ, ಹೊರಸಾಲಿಗೆ 240. ಹೊರಸಾಲು 30 ಮಿಲಿಸೆಕೆಂಡ್ ತಡವಾಗಿ ಹೊತ್ತುತ್ತದೆ, ಆದರೂ ಮೊದಲು ಆರುತ್ತದೆ. ಇದು ನನ್ನ ಅಲಂಕಾರ ಅಲ್ಲ, ನಿಜವಾದ ಹೃದಯದಲ್ಲೂ ಹೊರಪದರದ ಕೋಶಗಳು ಬೇಗ ಆರುತ್ತವೆ. ಹೊತ್ತುವುದು ಒಳಗಿನಿಂದ ಹೊರಗೆ, ಆರುವುದು ಹೊರಗಿನಿಂದ ಒಳಗೆ. ಎರಡೂ ತಿರುವುಮುರುವು ಆಗಿರುವುದರಿಂದಲೇ ಇಸಿಜಿಯಲ್ಲಿ ಹೃತ್ಕುಕ್ಷಿ ಹೊತ್ತುವಾಗ ಮೂಡುವ ಕ್ಯುಆರ್‌ಎಸ್ ಮೇಲಕ್ಕಿದ್ದ ಕಡೆ, ಆರುವಾಗ ಮೂಡುವ ಟಿ ಅಲೆಯೂ ಸಾಮಾನ್ಯವಾಗಿ ಮೇಲಕ್ಕೇ ಇರುತ್ತದೆ. ಪುಸ್ತಕದಲ್ಲಿ ಓದಿದಾಗ ತಲೆಗೆ ಹತ್ತದ ವಿಷಯ ಇದು. ಎಲ್‌ಇಡಿ ಆರುವುದನ್ನು ನಿಧಾನದಲ್ಲಿ ನೋಡಿದಾಗ ಹತ್ತಿತು.

ಪಕ್ಕದಲ್ಲಿ ನಿಜವಾದ ಇಸಿಜಿ

ಬೋರ್ಡಿನ ಜೊತೆಗೆ ಒಂದು ನಿಜವಾದ ಗೆರೆಯೂ ಇರಲಿ ಅಂತ ಎದೆಯ ಸಂಕೇತ ಓದುವ ಎಡಿ8232 ಮಾಡ್ಯೂಲ್ ತಂದೆ. ಅಂಟಿಸುವ ಎಲೆಕ್ಟ್ರೋಡ್‌ಗಳು ಮೈಸೂರಿನ ಧನ್ವಂತರಿ ರಸ್ತೆಯ ಮೆಡಿಕಲ್ ಅಂಗಡಿಯಲ್ಲಿ ಸಿಕ್ಕವು. ಪ್ಯಾಕೆಟ್ ಒಡೆದರೆ ಜೆಲ್ ಬೇಗ ಒಣಗುತ್ತದೆ, ಜಿಪ್ ಕವರಿಗೆ ಹಾಕಿಡಿ.

ಇದಕ್ಕೆ ಬೇರೆ ನ್ಯಾನೋ. ಸ್ಟ್ರಿಪ್‌ಗೆ ಬರೆಯುವಾಗ ಆಗುವ ತಡ ಇಸಿಜಿ ಓದುವುದಕ್ಕೆ ಅಡ್ಡ ಬರುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸುರಕ್ಷತೆ. ಬೋರ್ಡು ಗೋಡೆಯ ಪ್ಲಗ್ಗಿನ ಅಡಾಪ್ಟರಿನಿಂದ ನಡೆಯುತ್ತದೆ. ಎದೆಗೆ ಅಂಟಿದ ವೈರಿಗೆ ಅದರ ಜೊತೆ ಯಾವ ನಂಟೂ ಇರಬಾರದು. ಇಸಿಜಿ ನ್ಯಾನೋ ಲ್ಯಾಪ್‌ಟಾಪಿನ ಯುಎಸ್‌ಬಿಯಲ್ಲಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಚಾರ್ಜರ್ ಪಿನ್ ಕಿತ್ತು ಬೇರೆ ಕೋಣೆಯಲ್ಲಿ. "ಮಕ್ಕಳ ಬಡಿತಕ್ಕೇ ಬೋರ್ಡು ಹೊತ್ತೋ ಹಾಗೆ ಜೋಡಿಸು" ಅಂತ ಅಕ್ಕ ಹಟ ಹಿಡಿದಳು. "ಆಗಲ್ಲ ಅಕ್ಕ" ಅಂದೆ. ಮಕ್ಕಳಿಗೆ ಅಂಟಿಸಿಯೂ ಇಲ್ಲ. ಗೆರೆ ನನ್ನ ಎದೆಯದು.

ಮಾಡ್ಯೂಲಿಗೆ 3.3 ವೋಲ್ಟ್, ಔಟ್‌ಪುಟ್ ಎ0 ಪಿನ್ನಿಗೆ. ಎಲೆಕ್ಟ್ರೋಡ್ ಬಲ ಕಾಲರ್ ಮೂಳೆಯ ಕೆಳಗೆ ಒಂದು, ಎಡಕ್ಕೆ ಒಂದು, ಬಲ ಪಕ್ಕೆಯ ಕೆಳಗೆ ಮೂರನೆಯದು. ವೈರಿನ ಬಣ್ಣ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಬಣ್ಣ ನಂಬಬೇಡಿ, ಮಲ್ಟಿಮೀಟರಿನಲ್ಲಿ ಯಾವ ವೈರ್ ಎಲ್ಲಿಗೆ ಹೋಗುತ್ತದೆ ಅಂತ ನೋಡಿಕೊಳ್ಳಿ.

ಒಂದು ಕೋಶದ ಒಳಗೆ ನೂರು ಮಿಲಿವೋಲ್ಟಿಗಿಂತ ಜಾಸ್ತಿ ಏರಿಳಿತ. ಚರ್ಮದ ಮೇಲೆ ನಮಗೆ ಸಿಗುವುದು ಸುಮಾರು ಒಂದೇ ಮಿಲಿವೋಲ್ಟ್. ಅದರ ಮೇಲೆ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್ ಅನ್ನುತ್ತಾ ಕೂತಿರುತ್ತದೆ. ಅದಕ್ಕೆ ಒಂದು ಸುಲಭದ ಉಪಾಯ ಇದೆ. 4 ಮಿಲಿಸೆಕೆಂಡಿಗೊಮ್ಮೆ ಓದಿ, ಕೊನೆಯ ಐದು ಓದುಗಳ ಸರಾಸರಿ ತೆಗೆಯಿರಿ. ಐದು ನಾಲ್ಕಲಿ ಇಪ್ಪತ್ತು ಮಿಲಿಸೆಕೆಂಡ್, ಅಂದರೆ 50 ಹರ್ಟ್ಸಿನ ಸರಿಯಾಗಿ ಒಂದು ಸುತ್ತು. ಒಂದು ಸುತ್ತಿನಲ್ಲಿ ಏರಿದ್ದಷ್ಟೂ ಇಳಿದಿರುವುದರಿಂದ ಸರಾಸರಿಯಲ್ಲಿ ಅದು ಮಾಯ. ಕ್ಯುಆರ್‌ಎಸ್‌ನ ಚೂಪು ತುದಿ ಸ್ವಲ್ಪ ಮೊಂಡಾಗುತ್ತದೆ, ಪಾಠಕ್ಕೆ ಪರವಾಗಿಲ್ಲ. ರೋಗ ಪತ್ತೆಗೆ ಈ ಮಾಡ್ಯೂಲ್ ಬಳಸುವ ಮಾತೇ ಬೇಡ.

ಲೈಡನ್‌ನಲ್ಲಿ ಐಂಥೋವೆನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದೇ ಗೆರೆ ತೆಗೆದಾಗ ಯಂತ್ರ ಒಂದು ಕೋಣೆಯನ್ನೇ ಆಕ್ರಮಿಸಿತ್ತು. ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿ ಕೂರಬೇಕಿತ್ತು. ಪಿ, ಕ್ಯು, ಆರ್, ಎಸ್, ಟಿ ಅನ್ನುವ ಹೆಸರು ಅವರದೇ. 1924ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮೈಸೂರು ಮೆಡಿಕಲ್ ಕಾಲೇಜು ಶುರುವಾದದ್ದೂ ಅದೇ ವರ್ಷ.

ಗೆರೆಯನ್ನೂ ಬೋರ್ಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಒಂದು ಪಾಠ. ಹಸಿರು ಹರಡುವುದು ಪಿ ಅಲೆ. ಕೆಂಪು ಹರಡುವುದು ಕ್ಯುಆರ್‌ಎಸ್. ಕೆಂಪು ಆರುವುದು ಟಿ. ಪಿ ಮುಗಿದು ಕ್ಯುಆರ್‌ಎಸ್ ಶುರುವಾಗುವ ನಡುವೆ ಗೆರೆ ಚಪ್ಪಟೆ. ಅಲ್ಲಿ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಬೋರ್ಡಿನಲ್ಲಿ ನೋಡಿದರೆ ಆಗಲೇ ಎವಿ ನೋಡ್ ಮತ್ತು ಹಿಸ್ ಬಂಡಲ್ ಹಳದಿಯಾಗಿ ಕೆಲಸದಲ್ಲಿವೆ. ಅವುಗಳ ಅಂಗಾಂಶ ಎಷ್ಟು ಚಿಕ್ಕದೆಂದರೆ ಚರ್ಮದ ತನಕ ಅದರ ಸುಳಿವು ಬರುವುದಿಲ್ಲ. ಅದನ್ನು ಹಿಡಿಯಲು ರಕ್ತನಾಳದೊಳಗೆ ತಂತಿ ತೂರಿಸಿ ಹೃದಯದ ಒಳಗಿನಿಂದಲೇ ಕೇಳಬೇಕು. ಮನುಷ್ಯರಲ್ಲಿ ಹಾಗೆ ಹಿಸ್ ಬಂಡಲ್ಲಿನ ಸಂಕೇತ ಹಿಡಿಯುವ ವಿಧಾನವನ್ನು ಶೆರ್ಲಾಗ್ ಮತ್ತು ಜೊತೆಗಾರರು 1969ರಲ್ಲಿ ಪ್ರಕಟಿಸಿದರು. ಪಿ ಶುರುವಿನಿಂದ ಕ್ಯುಆರ್‌ಎಸ್ ಶುರುವಿನ ತನಕ ಆರೋಗ್ಯವಂತರಲ್ಲಿ 120ರಿಂದ 200 ಮಿಲಿಸೆಕೆಂಡ್ ಇರಬೇಕು. ನನ್ನದು ಆ ಮಿತಿಯ ಒಳಗೇ ಇದೆ.

ಎರಡನೇ ಪಾಟ್

ಇದು ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ನಾಬ್. ಇದನ್ನು ತಿರುಗಿಸಿದಷ್ಟೂ ಎಸ್‌ಎ ನೋಡಿನ ನೀಲಿ ನಿಧಾನವಾಗಿ ಏರುತ್ತದೆ, ಎವಿ ನೋಡಿನ ಕೊಂಡಿಗಳೂ ತಡವಾಗುತ್ತವೆ. ಈ ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್ ಎರಡೂ ಕೆಲಸ ಮಾಡುತ್ತದೆ. ನರ ಹೃದಯಕ್ಕೆ ಹೇಳುವುದನ್ನು ಒಂದು ರಾಸಾಯನಿಕದ ಮೂಲಕ ಹೇಳುತ್ತದೆ ಅಂತ ಓಟೋ ಲೋವಿ 1921ರಲ್ಲಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು ತೋರಿಸಿದ್ದರು. ಒಂದರ ನರ ಕೆರಳಿಸಿ, ಅದು ಮುಳುಗಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದರೆ ಎರಡನೆಯದೂ ನಿಧಾನವಾಯಿತು.

ನಾವು ಸುಮ್ಮನೆ ಕೂತಿದ್ದಾಗ ಈ ನರ ಸದಾ ಲಗಾಮು ಹಿಡಿದಿರುತ್ತದೆ. ಉಸಿರು ಎಳೆದುಕೊಂಡಾಗ ಸ್ವಲ್ಪ ಸಡಿಲ, ಬಿಟ್ಟಾಗ ಬಿಗಿ. ನನ್ನ ಇಸಿಜಿಯಲ್ಲೂ ಉಸಿರು ಎಳೆದಾಗ ಆರ್ ತುದಿಗಳು (ಕ್ಯುಆರ್‌ಎಸ್‌ನ ಚೂಪು ತುದಿಗಳು) ಹತ್ತಿರ ಬರುತ್ತವೆ, ಬಿಟ್ಟಾಗ ದೂರ ಹೋಗುತ್ತವೆ. ಇದು ರೋಗ ಅಲ್ಲ, ಆರೋಗ್ಯವಂತ ಹೃದಯದ ಲಕ್ಷಣ. ಎಳೆಯರಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಬೋರ್ಡು ಮಂಡ್ಯಕ್ಕೆ ಹೋದ ಮೇಲೆ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಕೇಳಿದಳು: "ಸಾರ್, ಹೃದಯ ಕಸಿ ಮಾಡ್ದಾಗ ಈ ನರಾನೂ ಜೋಡಿಸ್ತಾರಾ?" ಇಲ್ಲ, ರಕ್ತನಾಳ ಮತ್ತು ಹೃತ್ಕರ್ಣದ ಅಂಚು ಮಾತ್ರ ಹೊಲಿಯುತ್ತಾರೆ. ಅವಳನ್ನೇ ಕರೆದು ನಾಬನ್ನು ಸೊನ್ನೆಗೆ ತಿರುಗಿಸಲು ಹೇಳಿದೆ. ಎಸ್‌ಎ ನೋಡ್ ನಿಮಿಷಕ್ಕೆ 100ರ ಲೆಕ್ಕದಲ್ಲಿ ಓಡತೊಡಗಿತು. ಕಸಿ ಮಾಡಿದ ಹೃದಯ ಸುಮ್ಮನಿದ್ದಾಗಲೂ 90ರಿಂದ 110ರ ಆಸುಪಾಸಿನಲ್ಲಿ ಬಡಿಯುತ್ತದೆ, ಅದು ಎಸ್‌ಎ ನೋಡಿನ ಸ್ವಂತ ವೇಗ. ನಾಬಿನ ಆ ತುದಿಗೆ ಅಕ್ಕ ಮಾರ್ಕರಿನಲ್ಲಿ "ನರ ಇಲ್ಲ" ಅಂತ ಬರೆದಿದ್ದಾಳೆ.

ಅಡ್ರಿನಲಿನ್‌ಗೆ ಇನ್ನೊಂದು ಪಾಟ್ ಬೇಕು ಅಂತ ಆಗಲೇ ಬೇಡಿಕೆ ಬಂದಿದೆ. ಎ3 ಪಿನ್ ಖಾಲಿ ಇದೆ, ಪ್ಯಾನೆಲ್ಲಿನಲ್ಲಿ ತೂತಿಗೂ ಜಾಗ ಇದೆ. ಬೇಸಿಗೆ ರಜೆಯಲ್ಲಿ ಬೋರ್ಡು ಮೈಸೂರಿಗೆ ವಾಪಸ್ ಬಂದಾಗ ಹಾಕುತ್ತೇನೆ.